ಸಂಕಟದ ನುಡಿ ಮತ್ತು ಕನ್ನಡ ತರಗತಿ: ವಿದ್ಯಾರ್ಥಿಗಳ ಆತ್ಮಹತ್ಯೆ ತಡೆಯಲ್ಲಿ ಭಾಷೆಯ ಹೊಣೆ

ಭಾರತದಲ್ಲಿ 2013ರಲ್ಲಿ 8,423 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಮರಣ ಹೊಂದಿದರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ದಾಖಲಿಸಿದೆ. 2023ರ ವೇಳೆಗೆ ಈ ಸಂಖ್ಯೆ 13,892ಕ್ಕೆ ಏರಿತು. ಪೊಲೀಸ್ ಠಾಣೆಯ ದಾಖಲೆಗಳನ್ನು ಆಧರಿಸಿದ ಈ ಅಂಕಿಗಳಲ್ಲಿ ಮುಚ್ಚಿಹೋದ ಸಾವುಗಳು ಸೇರಿರುವುದಿಲ್ಲ. ಜಗತ್ತಿನಾದ್ಯಂತ 15ರಿಂದ 29 ವರ್ಷದವರ ಮರಣಕ್ಕೆ ಕಾರಣವಾಗುವ ಸಂಗತಿಗಳಲ್ಲಿ ಆತ್ಮಹತ್ಯೆ ಮೂರನೆಯ ಸ್ಥಾನದಲ್ಲಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಈ ವಯೋಮಾನದ ಬಹುಭಾಗ ಪದವಿಪೂರ್ವ ಹಾಗೂ ಪದವಿ ತರಗತಿಗಳಲ್ಲಿ ಕುಳಿತಿರುತ್ತದೆ.

ಈ ಸಮಸ್ಯೆಯನ್ನು ಸಾಮಾನ್ಯವಾಗಿ ಮನೋವೈದ್ಯಶಾಸ್ತ್ರದ ಅಥವಾ ಸಮಾಜಶಾಸ್ತ್ರದ ವಸ್ತುವೆಂದು ಪರಿಗಣಿಸಲಾಗುತ್ತದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕ್‌ಹೈಮ್ 1897ರಲ್ಲಿ ಪ್ರಕಟಿಸಿದ ಗ್ರಂಥವು ಆತ್ಮಹತ್ಯೆಯನ್ನು ಸಮಾಜದೊಡನೆ ವ್ಯಕ್ತಿಗಿರುವ ಬೆಸುಗೆಯ ಪ್ರಶ್ನೆಯಾಗಿ ನೋಡಿತು. ಆದರೆ ಸಂಕಟವು ಆಸ್ಪತ್ರೆಯನ್ನು ತಲುಪುವ ಮೊದಲು ಮಾತಿನ ರೂಪ ಪಡೆಯುತ್ತದೆ. ಆ ಮಾತು ವಿದ್ಯಾರ್ಥಿಯ ಮನೆಮಾತಾಗಿರುತ್ತದೆ. ಹಳ್ಳಿಯಿಂದ ಬಂದು ವಿಜ್ಞಾನವನ್ನೋ ವಾಣಿಜ್ಯವನ್ನೋ ಇಂಗ್ಲಿಷಿನಲ್ಲಿ ಓದುವ ವಿದ್ಯಾರ್ಥಿ ತನ್ನ ನುಡಿಯಲ್ಲಿ ಬರೆಯುವುದು, ಅಳುಕಿಲ್ಲದೆ ಮಾತನಾಡುವುದು ಬಹುಮಟ್ಟಿಗೆ ಕನ್ನಡ ತರಗತಿಯಲ್ಲಿ ಮಾತ್ರ. ಆದುದರಿಂದ ಆತ್ಮಹತ್ಯೆಯ ತಡೆಯಲ್ಲಿ ಕನ್ನಡ ಅಧ್ಯಾಪಕರಿಗೆ ನಿರ್ದಿಷ್ಟವಾದ ಪಾತ್ರವೊಂದಿದೆ. ಆ ಪಾತ್ರದ ಸ್ವರೂಪ ಮತ್ತು ಮಿತಿಗಳನ್ನು ಇಲ್ಲಿ ವಿವೇಚಿಸಲಾಗಿದೆ.

1. ಹೆಸರಿನ ಸಮಸ್ಯೆ

‘ಆತ್ಮಹತ್ಯೆ’ ಎಂಬ ಪದದಲ್ಲಿಯೇ ‘ಹತ್ಯೆ’ ಇದೆ. ಬ್ರಹ್ಮಹತ್ಯೆ, ಶಿಶುಹತ್ಯೆ ಮೊದಲಾದ ಪಾತಕಗಳ ಸಾಲಿನಲ್ಲಿ ನಿಂತಿರುವ ಈ ಪದ ಸತ್ತವನನ್ನೇ ಅಪರಾಧಿಯನ್ನಾಗಿಸುತ್ತದೆ. ಕಾನೂನು ಸಹ ಬಹುಕಾಲ ಹೀಗೆಯೇ ಭಾವಿಸಿತ್ತು. 1860ರ ಭಾರತೀಯ ದಂಡ ಸಂಹಿತೆಯ 309ನೆಯ ಕಲಮು ಆತ್ಮಹತ್ಯೆಯ ಪ್ರಯತ್ನವನ್ನು ಶಿಕ್ಷಾರ್ಹವೆಂದು ಸಾರಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ 115ನೆಯ ಕಲಮು ಈ ದೃಷ್ಟಿಯನ್ನು ಬದಲಿಸಿತು. ಪ್ರಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದನೆಂದು ಭಾವಿಸಬೇಕು, ಅವನನ್ನು ದಂಡಿಸಬಾರದು, ಅವನಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ ಎಂದು ಅದು ವಿಧಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮು ಇಲ್ಲ. ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಪಡಿಸುವ ಅಥವಾ ಅವನ ಮೇಲೆ ಒತ್ತಡ ಹೇರುವ ಉದ್ದೇಶದ ಪ್ರಯತ್ನವನ್ನು ಮಾತ್ರ ಅದು ಅಪರಾಧವೆಂದು ಉಳಿಸಿಕೊಂಡಿದೆ.

ಕಾನೂನು ಬದಲಾದಷ್ಟು ಬೇಗ ನುಡಿ ಬದಲಾಗಿಲ್ಲ. ‘ಆತ್ಮಹತ್ಯೆಗೆ ಶರಣು’ ಎಂಬುದು ಕನ್ನಡ ಪತ್ರಿಕೆಗಳ ರೂಢಿಯ ತಲೆಬರಹ. ವಚನಕಾರರಿಂದ ಕನ್ನಡಕ್ಕೆ ಘನತೆಯ ಅರ್ಥದಲ್ಲಿ ದೊರೆತ ‘ಶರಣು’ ಎಂಬ ಪದ ಆಶ್ರಯವನ್ನು, ಒಪ್ಪಿಸಿಕೊಳ್ಳುವಿಕೆಯನ್ನು ಸೂಚಿಸುತ್ತದೆ. ಅದನ್ನು ಆತ್ಮಹತ್ಯೆಯ ಜೊತೆಗಿಟ್ಟಾಗ ಸಾವೇ ಕೊನೆಯ ಆಸರೆಯೆಂಬ ಧ್ವನಿ ಹೊರಡುತ್ತದೆ. ಬದುಕಿ ಉಳಿದವನ ಕುರಿತು ‘ಯತ್ನ ವಿಫಲ’ ಎಂದು ಬರೆದರೆ ಉಳಿದದ್ದೇ ಸೋಲೆಂಬ ಅರ್ಥ ಬರುತ್ತದೆ. ಇನ್ನೊಂದು ತುದಿಯಲ್ಲಿ ‘ಹೇಡಿತನ’ ಎಂಬ ತೀರ್ಪಿದೆ. ಈ ಮಾತನ್ನು ತರಗತಿಯಲ್ಲಿ ಕೇಳಿಸಿಕೊಂಡ, ಒಳಗೇ ನೋಯುತ್ತಿರುವ ವಿದ್ಯಾರ್ಥಿ ತನ್ನ ನೋವನ್ನು ಹೇಳಲು ಮುಂದೆ ಬಾರನು.

ಹೊಸ ಪದವೊಂದನ್ನು ಟಂಕಿಸಿದ ಮಾತ್ರಕ್ಕೆ ಸಮಸ್ಯೆ ಪರಿಹಾರವಾಗದು; ‘ಆತ್ಮಹತ್ಯೆ’ ಜನ ಬಲ್ಲ ಪದ, ಅದನ್ನು ಕೈಬಿಡುವುದು ಸುಲಭವಲ್ಲ. ಆದರೆ ‘ಆತ್ಮಹತ್ಯೆಯಿಂದ ಮರಣ ಹೊಂದಿದರು’, ‘ಪ್ರಯತ್ನಿಸಿ ಬದುಕುಳಿದರು’ ಎಂಬ ವಾಕ್ಯಗಳು ವ್ಯಾಕರಣಕ್ಕೂ ಒಗ್ಗುತ್ತವೆ, ದೂಷಣೆಯಿಂದಲೂ ದೂರವಿರುತ್ತವೆ.

2. ಸಂಕಟದ ನುಡಿಗಟ್ಟುಗಳು

‘ಖಿನ್ನತೆ’ ಪಠ್ಯಪುಸ್ತಕದ ಪದ. ವಿದ್ಯಾರ್ಥಿ ಅದನ್ನು ಬಳಸುವುದು ಅಪರೂಪ. ಉತ್ತರ ಕರ್ನಾಟಕದವನು ‘ಬ್ಯಾಸರಾಗೈತ್ರಿ’ ಎನ್ನುತ್ತಾನೆ. ಕರಾವಳಿಯವನು ‘ಮಂಡೆಬಿಸಿ’ ಎನ್ನುತ್ತಾನೆ. ಮೈಸೂರು ಸೀಮೆಯವನು ‘ತಲೆ ಕೆಟ್ಟುಹೋಗಿದೆ’ ಎನ್ನುತ್ತಾನೆ. ಹಲವರಲ್ಲಿ ಮನಸ್ಸಿನ ನೋವು ದೇಹದ ನೋವಾಗಿ ಹೊರಬೀಳುತ್ತದೆ: ಎದೆ ಭಾರ, ಹೊಟ್ಟೆಯಲ್ಲಿ ಸಂಕಟ, ನಿದ್ದೆ ಹತ್ತದು, ಊಟ ಸೇರದು. ಇವೆಲ್ಲವೂ ಅಪಾಯದ ಸೂಚನೆಗಳಲ್ಲ. ದಿನನಿತ್ಯದ ಬೇಸರಕ್ಕೂ ಇದೇ ಪದಗಳು ಬಳಕೆಯಾಗುತ್ತವೆ. ಗಮನಿಸಬೇಕಾದುದು ಬದಲಾವಣೆಯನ್ನು. ಹರಟೆ ಹೊಡೆಯುತ್ತಿದ್ದವನು ಮೌನಿಯಾಗುವುದು, ತಪ್ಪದೆ ಬರುತ್ತಿದ್ದವಳು ತರಗತಿ ತಪ್ಪಿಸುವುದು, ಪ್ರಿಯವಾದ ವಸ್ತುಗಳನ್ನು ಗೆಳೆಯರಿಗೆ ಹಂಚುವುದು, ‘ಇನ್ನು ಸಾಕು’, ‘ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ’ ಎಂಬ ಮಾತುಗಳು ಬರಹದಲ್ಲೋ ಸಂಭಾಷಣೆಯಲ್ಲೋ ಮರುಕಳಿಸುವುದು, ಇವು ಅಧ್ಯಾಪಕರ ಗಮನ ಬೇಡುವ ಸಂಗತಿಗಳು.

ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಜಾಯ್ನರ್ 2005ರಲ್ಲಿ ಮಂಡಿಸಿದ ಸಿದ್ಧಾಂತ ಇಲ್ಲಿ ಉಪಯುಕ್ತ. ತಾನು ಯಾರಿಗೂ ಸೇರಿದವನಲ್ಲವೆಂಬ ಒಂಟಿತನ, ತಾನು ಇತರರಿಗೆ ಹೊರೆಯೆಂಬ ಭಾವನೆ, ಇವೆರಡೂ ಕೂಡಿದಾಗ ಸಾಯುವ ಬಯಕೆ ಬಲಿಯುತ್ತದೆ ಎಂಬುದು ಅದರ ತಿರುಳು. ಕನ್ನಡದಲ್ಲಿ ಹೊರೆಯ ಈ ರೂಪಕ ಹೊಸದಲ್ಲ. ‘ಭೂಮಿಗೆ ಭಾರ’, ‘ಅನ್ನಕ್ಕೆ ದಂಡ’, ‘ದಂಡಪಿಂಡ’ ಎಂಬ ಬೈಗುಳಗಳು ಮನೆಯಲ್ಲಿಯೂ ಶಾಲೆಯಲ್ಲಿಯೂ ಸಲೀಸಾಗಿ ಬಳಕೆಯಾಗುತ್ತವೆ. ಮನೆಯ ಒಡವೆ ಒತ್ತೆಯಿಟ್ಟು ಕಟ್ಟಿದ ಶುಲ್ಕದಲ್ಲಿ ಓದುವ, ಕುಟುಂಬದಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ವಿದ್ಯಾರ್ಥಿಗೆ ಅಂಕಪಟ್ಟಿಯ ಮುಂದೆ ಈ ಮಾತು ಬಿದ್ದರೆ, ಅವನು ಅದನ್ನು ಬೈಗುಳವೆಂದು ತಳ್ಳಿಹಾಕದೆ ತನ್ನ ಕುರಿತ ಸತ್ಯವೆಂದೇ ಒಪ್ಪಿಬಿಡಬಹುದು. ಜಾತಿಯ ಹೆಸರಿನ ಹಂಗಿಸುವಿಕೆಯೂ ಉಚ್ಚಾರಣೆಯ ಅಣಕವೂ ಒಂಟಿತನವನ್ನು ಇದೇ ಬಗೆಯಲ್ಲಿ ಗಟ್ಟಿಗೊಳಿಸುತ್ತವೆ.

3. ಪಠ್ಯದೊಳಗಿನ ಸಾವು

ಸ್ವಯಂ ವರಿಸಿದ ಸಾವು ಕನ್ನಡ ಅಧ್ಯಯನಕ್ಕೆ ಅಪರಿಚಿತವಲ್ಲ. ಶ್ರವಣಬೆಳಗೊಳದ ನಿಷಿಧಿ ಶಾಸನಗಳು ಸಲ್ಲೇಖನವನ್ನು ದಾಖಲಿಸುತ್ತವೆ. ಒಡೆಯನೊಡನೆ ಪ್ರಾಣ ನೀಗುವ ವೇಳೆವಾಳಿ, ಗರುಡ ಮೊದಲಾದ ಪದ್ಧತಿಗಳನ್ನು ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವು ಚರ್ಚಿಸಿದೆ. ಮಕ್ಕಳೂ ಬಲ್ಲ ಗೋವಿನ ಹಾಡಿನಲ್ಲಿ ಹುಲಿ ಕೊನೆಗೆ ತನ್ನ ಪ್ರಾಣವನ್ನು ತಾನೇ ಕಳೆದುಕೊಳ್ಳುತ್ತದೆ. ಇವುಗಳನ್ನು ಪಠ್ಯದಿಂದ ತೆಗೆದುಹಾಕಬೇಕೆಂಬುದು ಇಲ್ಲಿನ ವಾದವಲ್ಲ. ಧಾರ್ಮಿಕ ವ್ರತ, ಸ್ವಾಮಿನಿಷ್ಠೆಯ ಬಲಿ, ಕಥನದ ಪಶ್ಚಾತ್ತಾಪ ಹಾಗೂ ಇಂದಿನ ಯುವಕನ ಹತಾಶೆ, ಇವು ಒಂದೇ ಜಾತಿಯವಲ್ಲ. ಈ ಅಂತರವನ್ನು ಬಿಡಿಸಿ ಹೇಳದೆ ಎಲ್ಲವನ್ನೂ ‘ತ್ಯಾಗ’, ‘ವೀರಮರಣ’ ಎಂಬ ಒಂದೇ ಬಣ್ಣದಲ್ಲಿ ವರ್ಣಿಸುವುದರಿಂದ ಕೆಡುಕು ಉಂಟಾಗಬಹುದು. ಹುಲಿಗೆ ಬೇರೆ ದಾರಿಯಿತ್ತೇ, ಪುಣ್ಯಕೋಟಿ ಅದಕ್ಕೆ ಏನು ಹೇಳಬಹುದಿತ್ತು ಎಂಬ ಪ್ರಶ್ನೆಗಳು ಕಾವ್ಯದ ಓದಿಗೂ ಹೊರಗಿನವಲ್ಲ.

ಸಾವಿನ ಕಥನಕ್ಕೆ ಅನುಕರಣೆಯನ್ನು ಪ್ರಚೋದಿಸುವ ಶಕ್ತಿ ಇದೆಯೆಂಬುದನ್ನು ಸಂಶೋಧನೆ ತೋರಿಸಿದೆ. ಪತ್ರಿಕೆಗಳಲ್ಲಿ ಪ್ರಮುಖವಾಗಿ ಪ್ರಕಟವಾದ ಆತ್ಮಹತ್ಯೆಯ ಸುದ್ದಿಯ ಬೆನ್ನಲ್ಲೇ ಅಂಥ ಸಾವುಗಳು ಹೆಚ್ಚುವುದನ್ನು 1974ರಲ್ಲಿ ಗುರುತಿಸಿದ ಡೇವಿಡ್ ಫಿಲಿಪ್ಸ್, 1774ರಲ್ಲಿ ಪ್ರಕಟವಾದ ಗಯಟೆಯ ಕಾದಂಬರಿಯನ್ನು ನೆನೆದು ಅದನ್ನು ‘ವೆರ್ಥರ್ ಪರಿಣಾಮ’ ಎಂದು ಕರೆದರು. ಇದಕ್ಕೆ ಪ್ರತಿಯಾಗಿ, ಸಂಕಟವನ್ನು ದಾಟಿ ಬದುಕಿದವರ ಕಥನ ಸಾವನ್ನು ತಡೆಯಬಲ್ಲುದೆಂಬುದನ್ನು ಆಸ್ಟ್ರಿಯದ ಸಂಶೋಧಕರು 2010ರಲ್ಲಿ ಸೂಚಿಸಿದರು. ಮೊಜಾರ್ಟನ ಗೀತನಾಟಕವೊಂದರಲ್ಲಿ ಮೂವರು ಬಾಲಕರ ಮಾತಿನಿಂದ ಸಾವಿನ ಅಂಚಿನಿಂದ ಹಿಂದಿರುಗುವ ಪಾತ್ರದ ಹೆಸರಿನಲ್ಲಿ ಇದು ‘ಪಪಗೇನೊ ಪರಿಣಾಮ’ ಎನಿಸಿದೆ. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಅಂಗೀಕರಿಸಿದ ಮಾರ್ಗಸೂಚಿಯು ಸಾವಿನ ವಿಧಾನವನ್ನು ವಿವರಿಸಬಾರದು, ತಲೆಬರಹವನ್ನು ರೋಚಕಗೊಳಿಸಬಾರದು ಎನ್ನುತ್ತದೆ. ಕಾಲೇಜಿನ ಶ್ರದ್ಧಾಂಜಲಿ ಸಭೆಗೂ ಭಿತ್ತಿಪತ್ರಿಕೆಗೂ ಈ ವಿವೇಕ ಅನ್ವಯಿಸುತ್ತದೆ.

4. ಕೇಳುವುದು ಮತ್ತು ಜೊತೆಗೆ ಹೋಗುವುದು

ಸಾವಿನ ವಿಷಯ ಎತ್ತಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಅಧ್ಯಾಪಕರಲ್ಲಿ ವ್ಯಾಪಕವಾಗಿದೆ. ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳನ್ನು ಕುರಿತು 2005ರಲ್ಲಿ ಪ್ರಕಟವಾದ ಅಧ್ಯಯನ ಈ ಭಯಕ್ಕೆ ಆಧಾರವಿಲ್ಲವೆಂದು ತೋರಿಸಿತು. ಆತ್ಮಹತ್ಯೆಯ ಕುರಿತು ಪ್ರಶ್ನೆ ಕೇಳಿಸಿಕೊಂಡವರಲ್ಲಿ, ಕೇಳಿಸಿಕೊಳ್ಳದವರಿಗಿಂತ ಹೆಚ್ಚಿನ ಸಂಕಟವಾಗಲಿ ಸಾವಿನ ಯೋಚನೆಯಾಗಲಿ ಕಂಡುಬರಲಿಲ್ಲ.

ಆದುದರಿಂದ ಸಂದೇಹ ಬಂದಾಗ ಏಕಾಂತದಲ್ಲಿ, ಆತುರವಿಲ್ಲದೆ, ನೇರವಾಗಿ ಕೇಳುವುದೇ ಸರಿಯಾದ ಕ್ರಮ. ಗ್ರಾಂಥಿಕ ಭಾಷೆ ಇಲ್ಲಿ ನೆರವಾಗದು. ‘ಈಚೆಗೆ ಯಾಕೋ ಮೊದಲಿನ ಹಾಗಿಲ್ಲ ನೀನು, ಏನಾಯ್ತಪ್ಪ?’ ಎಂದು ಆರಂಭಿಸಿ, ‘ಬದುಕೋದೇ ಬೇಡ ಅನ್ನಿಸಿದೆಯಾ? ಸಾಯಬೇಕು ಅನ್ನೋ ಯೋಚನೆ ಬಂದಿದೆಯಾ?’ ಎಂದು ಕೇಳಬಹುದು. ಹೌದೆಂಬ ಉತ್ತರ ಬಂದರೆ ಉಪದೇಶಕ್ಕೆ ತೊಡಗಬಾರದು. ‘ಅಪ್ಪ ಅಮ್ಮನನ್ನು ನೆನೆಸಿಕೋ’ ಎಂಬ ಸದುದ್ದೇಶದ ಮಾತು ಹೊರೆಯ ಭಾವನೆಯನ್ನೇ ಹೆಚ್ಚಿಸೀತು. ಹೇಳಿದ್ದು ಒಳ್ಳೆಯದಾಯಿತೆಂದು ತಿಳಿಸುವುದು, ಅಪಾಯ ತೀರಾ ಹತ್ತಿರವೆನಿಸಿದರೆ ಒಂಟಿಯಾಗಿ ಬಿಡದಿರುವುದು, ಹಾನಿಗೆ ದಾರಿಯಾಗಬಲ್ಲ ವಸ್ತುಗಳು ಕೈಗೆ ಸಿಗದಂತೆ ಮನೆಯವರೊಡನೆ ಅಥವಾ ವಿದ್ಯಾರ್ಥಿನಿಲಯದವರೊಡನೆ ವ್ಯವಸ್ಥೆ ಮಾಡುವುದು, ಆಪ್ತಸಮಾಲೋಚಕರ ಅಥವಾ ವೈದ್ಯರ ಬಳಿಗೆ ಜೊತೆಯಲ್ಲಿಯೇ ಹೋಗುವುದು ಇವು ಮುಂದಿನ ಹೆಜ್ಜೆಗಳು. ‘ಯಾರಿಗೂ ಹೇಳುವುದಿಲ್ಲ’ ಎಂಬ ವಾಗ್ದಾನವನ್ನು ಕೊಡಬಾರದು. ‘ನಿನ್ನ ಜೀವ ಉಳಿಸಲು ಬೇಕಾದವರಿಗೆ ಮಾತ್ರ, ನಿನಗೆ ತಿಳಿಸಿಯೇ ಹೇಳುತ್ತೇನೆ’ ಎಂಬುದು ಪ್ರಾಮಾಣಿಕವಾದ ಮಾತು. ಅಧ್ಯಾಪಕರು ಚಿಕಿತ್ಸಕರಲ್ಲ. ಕೇಳಿಸಿಕೊಂಡು ದಾಟಿಸುವುದು ಅವರ ಪಾತ್ರದ ಎಲ್ಲೆ.

ದಾಟಿಸಲು ನೆಲೆಗಳು ಇಂದು ಇವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಸಂಖ್ಯೆಯಲ್ಲಿ ದಿನದ 24 ಗಂಟೆಯೂ ಉಚಿತವಾಗಿ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಲಭ್ಯವಿದೆ. ಇದರ ರಾಷ್ಟ್ರಮಟ್ಟದ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಬಳ್ಳಾರಿಯಲ್ಲಿ ಆ ಸಂಸ್ಥೆ ನಡೆಸಿದ ಪ್ರಯೋಗದ ಮಾದರಿಯಲ್ಲಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ತುರ್ತು ಅಪಾಯವಿದ್ದಲ್ಲಿ 112ಕ್ಕೆ ಕರೆ ಮಾಡುವುದು ಅಥವಾ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯುವುದು ಅಗತ್ಯ.

5. ಸಂಸ್ಥೆಯ ಹೊಣೆ ಮತ್ತು ವಿಭಾಗದ ಕೆಲಸ

ಒಬ್ಬ ಅಧ್ಯಾಪಕರ ಸಹೃದಯತೆಯ ಮೇಲೆ ಎಲ್ಲ ಭಾರವನ್ನೂ ಹೊರಿಸುವುದು ನ್ಯಾಯವಲ್ಲ, ಸಾಕಾಗುವುದೂ ಇಲ್ಲ. ಯುರೋಪಿನ ಹತ್ತು ದೇಶಗಳ 168 ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಧ್ಯಾಪಕರಿಗೆ ಮಾತ್ರ ತರಬೇತಿ ನೀಡಿದ ಕ್ರಮದಿಂದ ಗಣನೀಯ ಫಲ ಕಾಣಲಿಲ್ಲ. ವಿದ್ಯಾರ್ಥಿಗಳೇ ಚರ್ಚೆ ಮತ್ತು ಪಾತ್ರಾಭಿನಯಗಳ ಮೂಲಕ ಒತ್ತಡ, ಖಿನ್ನತೆ, ನೆರವು ಪಡೆಯುವ ಬಗೆ ಇವುಗಳನ್ನು ಅರಿತ ಕಾರ್ಯಕ್ರಮದಿಂದ ಆತ್ಮಹತ್ಯೆಯ ಪ್ರಯತ್ನಗಳು ಒಂದು ವರ್ಷದ ಅವಧಿಯಲ್ಲಿ ಇಳಿದವು. ನಾಟಕವನ್ನೂ ಸಂವಾದವನ್ನೂ ಬೋಧನೆಯ ಭಾಗವಾಗಿ ಬಲ್ಲ ಕನ್ನಡ ವಿಭಾಗಗಳು ಪರಿಣತರ ಜೊತೆಗೂಡಿ ಇಂಥ ಕೆಲಸವನ್ನು ಕನ್ನಡದಲ್ಲಿ ಕೈಗೊಳ್ಳಬಹುದಾಗಿದೆ.

ಸರ್ವೋಚ್ಚ ನ್ಯಾಯಾಲಯವು 2025ರ ಜುಲೈ 25ರಂದು ನೀಡಿದ ಮಾರ್ಗಸೂಚಿಯ ಪ್ರಕಾರ 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಅರ್ಹ ಸಮಾಲೋಚಕರೊಬ್ಬರನ್ನಾದರೂ ನೇಮಿಸಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ನೀಡಬೇಕು. ಸಹಾಯವಾಣಿಯ ಸಂಖ್ಯೆಗಳನ್ನು ವಿದ್ಯಾರ್ಥಿನಿಲಯ, ತರಗತಿಗಳಲ್ಲಿ ಕಾಣುವಂತೆ ಬರೆಯಬೇಕು. ಅಂಕಗಳ ಆಧಾರದ ಮೇಲೆ ವಿದ್ಯಾರ್ಥಿಗಳನ್ನು ಬಹಿರಂಗವಾಗಿ ಅವಮಾನಿಸಬಾರದು. ಪರೀಕ್ಷಾ ಕ್ರಮವೂ ತಡೆಯ ಸಾಧನವಾಗಬಲ್ಲುದು. ಕರ್ನಾಟಕದಲ್ಲಿ 2023-24ನೆಯ ಸಾಲಿನಿಂದ ದ್ವಿತೀಯ ಪಿಯುಸಿಗೆ ಮೂರು ಪರೀಕ್ಷೆಗಳ ವ್ಯವಸ್ಥೆ ಬಂದು, ಉತ್ತಮ ಅಂಕಗಳನ್ನು ಉಳಿಸಿಕೊಳ್ಳುವ ಅವಕಾಶ ದೊರೆಯಿತು. ‘ಫೇಲು’ ಎಂಬುದು ಅಂತಿಮ ತೀರ್ಪಲ್ಲವೆಂಬುದನ್ನು ಈ ಕ್ರಮ ಕಾರ್ಯರೂಪದಲ್ಲಿ ತಿಳಿಸಿತು.

ಮನಸ್ಸಿನ ಕುರಿತು ಕನ್ನಡದಲ್ಲಿ ಬರೆಯುವ ಪರಂಪರೆ ಗಟ್ಟಿಯಾದುದು. ‘ರಾಶಿ’ ಎಂದು ಪ್ರಸಿದ್ಧರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆತಿತ್ತು, ಡಾ. ಸಿ. ಆರ್. ಚಂದ್ರಶೇಖರ್ ಅವರ ಕೃತಿಗಳು ಮನೋವೈದ್ಯದ ತಿಳಿವಳಿಕೆಯನ್ನು ಮನೆಮನೆಗೆ ಮುಟ್ಟಿಸಿವೆ. ಈ ಪರಂಪರೆಗೆ ವಿಶ್ವವಿದ್ಯಾಲಯದ ವಿಭಾಗಗಳು ಸೇರಿಸಬಹುದಾದ ಕೊಡುಗೆಯೊಂದಿದೆ. ಉಪಭಾಷೆಗಳ ಕ್ಷೇತ್ರಕಾರ್ಯದಲ್ಲಿ ಪಳಗಿದ ಸಂಶೋಧಕರು ಪ್ರದೇಶವಾರು ಸಂಕಟದ ನುಡಿಗಟ್ಟುಗಳನ್ನು ಸಂಗ್ರಹಿಸಿ, ಅರ್ಥ ಮತ್ತು ಬಳಕೆಯ ಸಂದರ್ಭಗಳೊಡನೆ ಕೋಶವಾಗಿ ಸಿದ್ಧಪಡಿಸಿದರೆ, ಬೀದರಿನ ವಿದ್ಯಾರ್ಥಿಯ ಕರೆಯನ್ನು ಬೆಂಗಳೂರಿನಲ್ಲಿ ಸ್ವೀಕರಿಸುವ ಸಮಾಲೋಚಕರಿಗೆ ಅದು ಕೈಪಿಡಿಯಾದೀತು. ‘ಬ್ಯಾಸರಾಗೈತ್ರಿ’ ಎಂಬ ಮಾತು ಯಾವಾಗ ಬರಿಯ ಬೇಸರ, ಯಾವಾಗ ಬದುಕಿನ ಬೇಸರ ಎಂಬುದನ್ನು ಗುರುತಿಸುವ ಈ ಕೆಲಸಕ್ಕೆ ಕನ್ನಡ ವಿಭಾಗಗಳಲ್ಲಿರುವ ತರಬೇತಿ ಬೇರೆಡೆ ಸುಲಭವಾಗಿ ದೊರೆಯದು.