ಅಂಬಾಸಿಡರ್‌ಗೆ ಬೇರೆ ಗಾಡಿಯ ರೇಡಿಯೇಟರ್?

ಪ್ರಶ್ನೆ: ಬನಶಂಕರಿ ಜಾತ್ರೆಯ ಗದ್ದಲದಲ್ಲಿ ನಮ್ಮ ಹಳೇ ಪೆಟ್ರೋಲ್ ಅಂಬಾಸಿಡರ್ ಕುದಿಯಿತು. ಬೇರೆ ಗಾಡಿಯ ರೇಡಿಯೇಟರ್ ಕೂರಿಸಬಹುದೇ? (ಓದುಗರೊಬ್ಬರು, ಚೊಳಚಗುಡ್ಡ)

ಉತ್ತರ: ಕೂರಿಸಬಹುದು. 2014ರಲ್ಲೇ ತಯಾರಿಕೆ ನಿಂತ ಗಾಡಿಗೆ ಅಸಲಿ ಭಾಗ ಹುಡುಕುವ ಕಷ್ಟ ಗೊತ್ತೇ ಇದೆ. ಆದರೆ 796 ಸಿಸಿಯ ಮಾರುತಿ 800ರದ್ದು ತಂದರೆ ನಿಮ್ಮ 1489 ಸಿಸಿ ಇಂಜಿನ್ನಿನ ಶಾಖಕ್ಕೆ ಅದು ಸಾಲದು. ದಪ್ಪ ಕೋರಿನದ್ದು ತಂದರೆ ಫ್ಯಾನಿನ ರೆಕ್ಕೆಗೆ ತಾಗೀತು. ಹೋಸ್ ಬಾಯಿಗಳ ಅಳತೆ, ದಿಕ್ಕು ಎರಡೂ ಹೊಂದಬೇಕು. ಕ್ಯಾಪಿನ ಒತ್ತಡವನ್ನು ಮರೆಯಬೇಡಿ: ಒತ್ತಡ ಹೆಚ್ಚಿದರೆ ನೀರು ತಡವಾಗಿ ಕುದಿಯುತ್ತದೆ, ನಿಜ, ಹಳೇ ಹೋಸು ಮಾತ್ರ ಬೇಗ ಒಡೆಯುತ್ತದೆ.

ನನಗೇನೋ ತಪ್ಪು ರೇಡಿಯೇಟರಿನದ್ದಲ್ಲ ಅನಿಸುತ್ತದೆ. ಈ ಗಾಡಿಯ ಫ್ಯಾನ್ ತಿರುಗುವುದು ಇಂಜಿನ್ ಬೆಲ್ಟಿನಿಂದ. ಜನರ ನಡುವೆ ತೆವಳುವಾಗ ಇಂಜಿನ್ ನಿಧಾನ, ಫ್ಯಾನೂ ನಿಧಾನ, ಎದುರುಗಾಳಿಯಂತೂ ಇಲ್ಲ. ರೇಡಿಯೇಟರ್ ಯಾವುದಿದ್ದರೂ ಕುದಿಯುತ್ತದೆ. ಮೊದಲು ಬೆಲ್ಟ್ ಬಿಗಿ ನೋಡಿ, ಥರ್ಮೋಸ್ಟಾಟ್ ಪರೀಕ್ಷಿಸಿ. ಬೋರ್‌ವೆಲ್ ನೀರು ತುಂಬಿಸುತ್ತ ಬಂದಿದ್ದರೆ ಕೊಳವೆಗಳಲ್ಲಿ ಸುಣ್ಣ ಕಟ್ಟಿರುತ್ತದೆ. ಹಳೇ ತಾಮ್ರ-ಹಿತ್ತಾಳೆಯದ್ದಾದರೆ ಬೆಸುಗೆ ಬಿಚ್ಚಿ, ಕೊಳವೆ ಸ್ವಚ್ಛ ಮಾಡಿ, ಮತ್ತೆ ಬೆಸೆಯಬಹುದು. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂಗೆ ಆ ಭಾಗ್ಯವಿಲ್ಲ. ಆಮೇಲೂ ಕುದಿದರೆ ವಿದ್ಯುತ್ ಫ್ಯಾನ್ ಹಾಕಿಸಿ, ಜೊತೆಗೆ ಡೈನಮೋ ತಡೆದೀತೇ ಎಂದು ಎಲೆಕ್ಟ್ರಿಷಿಯನ್‌ನನ್ನು ಕೇಳಿ.