ಬೆಕ್ಕಿನ ಮರಿ ತಂದಿರಾ? ಹಾಲಿಗಿಂತ ಮೊದಲು ಇದನ್ನು ಓದಿ

ಸೌದೆ ಕೊಟ್ಟಿಗೆಯಲ್ಲೋ ಕಾರಿನ ಕೆಳಗೋ ಸಿಕ್ಕ ಬೆಕ್ಕಿನ ಮರಿಯನ್ನು ಮಕ್ಕಳು ಎತ್ತಿಕೊಂಡು ಬರುತ್ತಾರೆ. ಒಂದು ಬಟ್ಟಲು ಹಾಲಿಟ್ಟರೆ ಸಾಕುವ ಕೆಲಸ ಮುಗಿಯಿತೆಂದು ಹಿರಿಯರೂ ಸುಮ್ಮನಾಗುತ್ತಾರೆ. ನಾಯಿಗೆ ರೇಬಿಸ್ ಲಸಿಕೆ ಹಾಕಿಸಬೇಕೆಂಬುದು ಈಗ ಎಲ್ಲರಿಗೂ ಗೊತ್ತು. ಆದರೆ ಈ ರೋಗ ಬೆಕ್ಕಿಗೂ ಬರುತ್ತದೆ, ಬೆಕ್ಕಿನಿಂದ ಮನುಷ್ಯರಿಗೂ ಹರಡುತ್ತದೆ ಎಂಬುದನ್ನು ಮರೆಯುವವರೇ ಹೆಚ್ಚು.

ಮರಿ ಬಂದ ಎರಡು ಮೂರು ದಿನಗಳೊಳಗೆ ಪಶುವೈದ್ಯರಿಗೆ ತೋರಿಸಿ. ಕಿವಿಯಲ್ಲಿ ನುಸಿ, ಮೈಯಲ್ಲಿ ಚಿಗಟ ಇವೆಯೇ ಎಂದು ಅವರು ನೋಡುತ್ತಾರೆ. ತೂಕ ನೋಡಿ ಜಂತುಹುಳುವಿನ ಔಷಧ ಕೊಡುತ್ತಾರೆ. ಹೊಟ್ಟೆ ಮಾತ್ರ ಉಬ್ಬಿ ಬೆನ್ನುಮೂಳೆ ಕಾಣುವ ಮರಿಗೆ ಹೆಚ್ಚಾಗಿ ಹುಳುವಿನದೇ ಕಾಟ. ಆರರಿಂದ ಎಂಟು ವಾರಕ್ಕೆ ಬೆಕ್ಕುಗಳ ಸಂಯುಕ್ತ ಲಸಿಕೆ ಶುರುವಾಗಿ, ಮೂರು ನಾಲ್ಕು ವಾರಗಳ ಅಂತರದಲ್ಲಿ ಮರಿಗೆ ನಾಲ್ಕು ತಿಂಗಳಾಗುವವರೆಗೆ ಮುಂದುವರಿಯುತ್ತದೆ. ರೇಬಿಸ್ ಲಸಿಕೆ ಮೂರು ತಿಂಗಳು ತುಂಬಿದಾಗ. ವರ್ಷದ ನಂತರ ಮತ್ತೊಮ್ಮೆ. ಮನೆಯಲ್ಲಿ ಮೊದಲೇ ಬೆಕ್ಕಿದ್ದರೆ ಹೊಸ ಮರಿಯನ್ನು ಎರಡು ವಾರ ಬೇರೆ ಕೋಣೆಯಲ್ಲಿಡಿ.

ಲಸಿಕೆಯಾಗದ ಮರಿ ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಅರಿಸಿನ, ಸುಣ್ಣ ಹಚ್ಚುತ್ತಾ ಕೂರಬೇಡಿ. ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ.

ಇನ್ನು ಹಾಲಿನ ವಿಷಯ. ಹಸುವಿನ ಹಾಲು ಅನೇಕ ಮರಿಗಳಿಗೆ ಜೀರ್ಣವಾಗದೆ ಭೇದಿಯಾಗುತ್ತದೆ. ಬರೀ ಹಾಲು ಅನ್ನದ ಮೇಲೆ ಬೆಕ್ಕು ಬದುಕಲಾರದು. ಅದು ಮಾಂಸಾಹಾರಿ; ಅದಕ್ಕೆ ಬೇಕಾದ ಟಾರಿನ್ ಎಂಬ ಅಂಶ ಸಸ್ಯಾಹಾರದಲ್ಲಿ ಸಿಗುವುದಿಲ್ಲ, ಕೊರತೆಯಾದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಸಸ್ಯಾಹಾರಿ ಮನೆಗಳಲ್ಲಿ ಇದು ಇಕ್ಕಟ್ಟಿನ ಮಾತೇ ಸರಿ. ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರ ಇಂಥಲ್ಲಿ ಅನುಕೂಲ.

ಎಲ್ಲಕ್ಕಿಂತ ದೊಡ್ಡ ಅಪಾಯ ನಮ್ಮ ಮನೆಯ ಔಷಧದ ಡಬ್ಬಿಯಲ್ಲೇ ಇದೆ. ಬೆಕ್ಕಿನ ಸಹಜ ಉಷ್ಣತೆ ಸುಮಾರು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮೈ ಮುಟ್ಟಿದರೆ ಬೆಚ್ಚಗಿರುವುದು ಸಹಜ. ಇದನ್ನೇ ಜ್ವರವೆಂದು ತಿಳಿದು ಕಾಲು ಮಾತ್ರೆ ಪ್ಯಾರಾಸಿಟಮಾಲ್ ತಿನ್ನಿಸುವವರಿದ್ದಾರೆ. ಅದು ಬೆಕ್ಕಿಗೆ ವಿಷ. ಈ ಔಷಧವನ್ನು ನಿರಪಾಯಗೊಳಿಸುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ಸಾಕಷ್ಟಿಲ್ಲ. ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದಿಕೊಳ್ಳುತ್ತದೆ, ಏದುಸಿರು ಬರುತ್ತದೆ. ಒಂದೇ ಮಾತ್ರೆ ದೊಡ್ಡ ಬೆಕ್ಕನ್ನೂ ಕೊಲ್ಲಬಲ್ಲದು. ಅಕಸ್ಮಾತ್ ತಿಂದಿದ್ದರೆ ಲಕ್ಷಣಗಳಿಗಾಗಿ ಕಾಯದೆ ವೈದ್ಯರಲ್ಲಿಗೆ ಓಡಿ, ಮಾತ್ರೆಯ ಹಾಳೆಯನ್ನೂ ಒಯ್ಯಿರಿ. ನಾಯಿಯ ಉಣ್ಣೆಗೆಂದು ತಂದ ಪರ್ಮೆಥ್ರಿನ್ ಇರುವ ಔಷಧವನ್ನೂ ಬೆಕ್ಕಿಗೆ ಹಚ್ಚಕೂಡದು. ನಡುಕ, ಸೆಳವು ಬಂದು ಸಾಯಬಹುದು.

ಮನೆಯಲ್ಲಿ ಗರ್ಭಿಣಿಯರಿದ್ದರೆ ಬೆಕ್ಕಿನ ಮಲ ತೆಗೆಯುವ ಕೆಲಸವನ್ನು ಬೇರೆಯವರು, ಪ್ರತಿದಿನವೂ ಮಾಡಲಿ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಐದಾರು ತಿಂಗಳ ವಯಸ್ಸು ಸೂಕ್ತ. ಗರ್ಭಾವಧಿ ಎರಡೇ ತಿಂಗಳಾದ್ದರಿಂದ ತಡಮಾಡಿದರೆ ಒಂದು ಬೆಕ್ಕು ಐದಾಗಿರುತ್ತದೆ!

ಆಸ್ಪತ್ರೆಗೆ ಹೋಗುವಾಗ ಮರಿಯನ್ನು ಕೈಯಲ್ಲಿ ಹಿಡಿದು ಹೋಗಬೇಡಿ. ಅಲ್ಲಿ ನಾಯಿ ಬೊಗಳಿದರೆ ಹಾರಿ ಓಡೀತು. ಗಾಳಿಯಾಡುವ, ಮುಚ್ಚಳವಿರುವ ಬುಟ್ಟಿಗೆ ಹಳೆಯ ಟವೆಲ್ ಹಾಸಿದರೆ ಸಾಕು.