ಅಡಿಕೆ ಅಂಗಳಕ್ಕೆ ಕಾವಲು ಕ್ಯಾಮೆರಾ: ಕೊಳ್ಳುವ ಮುನ್ನ ತಿಳಿಯಬೇಕಾದುದು

ರೋಗ, ಕೀಟ ಮತ್ತು ಬರದಿಂದ ಬೆಳೆಯನ್ನು ಕಾಪಾಡುವ ಬಗೆಯನ್ನು ಈ ಪುಟಗಳಲ್ಲಿ ತಿಳಿಸುತ್ತಲೇ ಬಂದಿದ್ದೇವೆ. ಕೊಯ್ದು ತಂದ ಬೆಳೆಯನ್ನು ಕಳ್ಳರಿಂದ ಕಾಪಾಡುವುದೂ ಬೇಸಾಯದ ಒಂದು ಭಾಗವೇ ಸರಿ. ಚಾಲಿ ಅಡಿಕೆ ಬಿಸಿಲಿನಲ್ಲಿ 35ರಿಂದ 40 ದಿನ ಒಣಗಬೇಕು. ಅಷ್ಟು ದಿನವೂ ಒಂದು ವರ್ಷದ ದುಡಿಮೆ ಅಂಗಳದಲ್ಲಿ ಹರಡಿಕೊಂಡಿರುತ್ತದೆ. ಕಾಫಿ, ಕಾಳುಮೆಣಸುಗಳ ಕಣದಲ್ಲಿಯೂ ಇದೇ ಚಿಂತೆ. ಹಿಂದೆ ಅಂಗಳದಲ್ಲಿ ಮಲಗಲು ಮನೆ ತುಂಬ ಜನರಿದ್ದರು. ಈಗ ಮಕ್ಕಳು ಬೆಂಗಳೂರಿನಲ್ಲಿ, ತೋಟದ ಮನೆಯಲ್ಲಿ ವಯಸ್ಸಾದ ಇಬ್ಬರೇ ಎಂಬಂತಹ ಮನೆಗಳು ಮಲೆನಾಡಿನಲ್ಲಿ ಅಪರೂಪವಲ್ಲ. ಆದ್ದರಿಂದಲೇ ಕ್ಯಾಮೆರಾ ಹಾಕಿಸುವ ಯೋಚನೆ ಅನೇಕ ರೈತರಲ್ಲಿ ಮೂಡಿದೆ.

ಕ್ಯಾಮೆರಾ ಕಳ್ಳನನ್ನು ಹಿಡಿಯುವುದಿಲ್ಲ. ಅದು ನೋಡುತ್ತದೆ, ದಾಖಲಿಸುತ್ತದೆ, ಸುದ್ದಿ ಮುಟ್ಟಿಸುತ್ತದೆ, ಅಷ್ಟೆ. ಸುದ್ದಿ ಮುಟ್ಟಿದಾಗ ಐದು ಹತ್ತು ನಿಮಿಷದೊಳಗೆ ಅಂಗಳಕ್ಕೆ ಬರಬಲ್ಲವರು ಯಾರು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಉಪಕರಣದ ಆಯ್ಕೆ ಆಮೇಲಿನದು. ಅಂಗಳಕ್ಕೆ ಒಳ್ಳೆಯ ದೀಪ, ಉಗ್ರಾಣಕ್ಕೆ ಗಟ್ಟಿ ಬೀಗ, ಬೊಗಳುವ ನಾಯಿ ಇವು ಮೂರೂ ಇಲ್ಲದ ಮನೆಗೆ ಕ್ಯಾಮೆರಾ ತರುವುದು ಗೊಬ್ಬರ ಹಾಕದೆ ಔಷಧಿ ಹೊಡೆದಂತೆ.

ಮುಖ ಕಾಣುವ ದೂರ

ಅಂಗಡಿಯವರು 2 ಮೆಗಾಪಿಕ್ಸೆಲ್, 4 ಮೆಗಾಪಿಕ್ಸೆಲ್ ಎಂದು ಹೇಳುತ್ತಾರೆಯೇ ಹೊರತು ಎಷ್ಟು ದೂರದಲ್ಲಿ ಮುಖ ಗುರುತು ಸಿಗುತ್ತದೆ ಎಂದು ಹೇಳುವುದು ಕಡಿಮೆ. ಇದರ ಲೆಕ್ಕ ಕಷ್ಟವೇನಲ್ಲ. ಅಪರಿಚಿತನ ಗುರುತು ಹಿಡಿಯಬೇಕಾದರೆ ದೃಶ್ಯದ ಒಂದೊಂದು ಮೀಟರ್ ಅಗಲಕ್ಕೂ 250 ಚಿತ್ರಬಿಂದುಗಳಿರಬೇಕೆಂದು ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 1920 ಬಿಂದುಗಳಷ್ಟು ಅಗಲ. ಅಂದಮೇಲೆ ದೃಶ್ಯದ ಅಗಲ ಸುಮಾರು ಏಳೂವರೆ ಮೀಟರನ್ನು ದಾಟಿದರೆ ಮನುಷ್ಯ ಬಂದದ್ದು ಕಾಣುತ್ತದೆ, ಯಾರೆಂದು ಖಚಿತವಾಗಿ ಹೇಳಲಾಗದು. ಮನೆಗಳಿಗೆ ಸಾಮಾನ್ಯವಾಗಿ ಹಾಕುವ 2.8 ಮಿ.ಮೀ. ಲೆನ್ಸ್ ಬಹಳ ಅಗಲವಾಗಿ ನೋಡುವುದರಿಂದ ಈ ಮಿತಿ ಸುಮಾರು 3 ಮೀಟರಿಗೇ ಮುಗಿಯುತ್ತದೆ. 6 ಮಿ.ಮೀ. ಲೆನ್ಸಿನಲ್ಲಿ ಸುಮಾರು 8 ಮೀಟರ್, 12 ಮಿ.ಮೀ.ನಲ್ಲಿ 16 ಮೀಟರಿನವರೆಗೆ ಗುರುತು ಸಿಗಬಹುದು. ಇದು ಹಗಲಿನ ಮಾತು. ರಾತ್ರಿ ಇನ್ನೂ ಕಡಿಮೆ.

ಹೀಗಿರುವಲ್ಲಿ ಇಡೀ ಅಂಗಳ ಕಾಣುವಂತೆ ಮಾಡಿನ ತುದಿಗೆ ಒಂದೇ ಕ್ಯಾಮೆರಾ ಕಟ್ಟಿ ನಿಶ್ಚಿಂತೆಯಿಂದಿರುವುದು ಸರಿಯಲ್ಲ. ಅಗಲ ನೋಟದ್ದೊಂದು ಅಂಗಳಕ್ಕೆ, ಕಿರಿದಾದ ನೋಟದ್ದೊಂದು ಕಳ್ಳ ಹಾದುಹೋಗಲೇಬೇಕಾದ ದಣಪೆಗೆ ಅಥವಾ ವಾಹನ ನಿಲ್ಲುವ ಜಾಗಕ್ಕೆ ಇರಲಿ. ಮೂಟೆ ಹೊರುವವನು ನಡೆದೇ ಬಂದರೂ ವಾಹನ ಎಲ್ಲೋ ನಿಂತಿರಲೇಬೇಕು. ದಣಪೆಯ ಕ್ಯಾಮೆರಾ ಎರಡೂವರೆ ಮೀಟರ್ ಎತ್ತರದಲ್ಲಿದ್ದರೆ ಸಾಕು. ಇನ್ನೂ ಮೇಲೆ ಹೋದರೆ ಟೊಪ್ಪಿಗೆ ಮಾತ್ರ ಕಾಣುತ್ತದೆ.

ರಾತ್ರಿ ನೋಡಲು ಕ್ಯಾಮೆರಾದಲ್ಲೇ ಇರುವ ಕಾಣದ ಬೆಳಕು, ಅಂದರೆ ಅವಗೆಂಪು ಕಿರಣ, ಹತ್ತಿರದ ಗೋಡೆಗೋ ಅಡಿಕೆ ಒಣಗಿಸುವ ಸೋಲಾರ್ ಗೂಡಿನ ಪಾಲಿಥೀನ್ ಹಾಳೆಗೋ ಬಡಿದರೆ ಚಿತ್ರವೆಲ್ಲ ಬೆಳ್ಳಗಾಗುತ್ತದೆ. ಮಂಜು ಕವಿದಾಗಲೂ ಹಾಗೆಯೇ. ಈ ಬೆಳಕಿಗೆ ಹುಳು ಮುತ್ತಿ, ಹುಳುವಿಗಾಗಿ ಜೇಡ ಬಲೆ ನೇಯುತ್ತದೆ. ವಾರಕ್ಕೊಮ್ಮೆ ಮೆತ್ತನೆಯ ಬಟ್ಟೆಯಿಂದ ಒರೆಸದಿದ್ದರೆ ಬಲೆಯನ್ನೇ ನೋಡುತ್ತ ಕೂರಬೇಕಾಗುತ್ತದೆ.

ಎಚ್ಚರಿಕೆ ಯಾರಿಗೆ?

ಅಗ್ಗದ ಕ್ಯಾಮೆರಾಗಳು ಚಿತ್ರ ಬದಲಾದೊಡನೆ ಫೋನಿಗೆ ಎಚ್ಚರಿಕೆ ಕಳಿಸುತ್ತವೆ. ಸೋಗೆ ಅಲುಗಿದರೂ, ಬೆಕ್ಕು ಹೋದರೂ ಗಂಟೆ ಬಾರಿಸುತ್ತದೆ. ನಾಲ್ಕು ರಾತ್ರಿ ಸುಮ್ಮನೆ ಎದ್ದವರು ಐದನೆಯ ರಾತ್ರಿ ಫೋನಿನ ಸದ್ದು ನಿಲ್ಲಿಸಿ ಮಲಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ವ್ಯವಸ್ಥೆಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಆದ್ದರಿಂದ ಮನುಷ್ಯನ ಆಕಾರವನ್ನು ಬೇರೆಯಾಗಿ ಗುರುತಿಸುವ, ಅಂಗಳದ ಇಂತಿಷ್ಟು ಜಾಗವನ್ನು ಮಾತ್ರ ಗಮನಿಸುವಂತೆ ಗೆರೆ ಹಾಕಿಕೊಡಬಹುದಾದ ಮಾದರಿಗೆ ತುಸು ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ.

ತಿಂಗಳ ಶುಲ್ಕ ಪಡೆದು ದೂರದಿಂದ ನಿಗಾ ವಹಿಸುವ ಸಂಸ್ಥೆಗಳಿವೆ. ನಗರದಲ್ಲಿ ಅವು ಪ್ರಯೋಜನಕ್ಕೆ ಬಂದಾವು. ಕವಲುದಾರಿಯ ಕೊನೆಯ ತೋಟದ ಮನೆಗೆ ಅವರು ಮಾಡಬಲ್ಲದ್ದು ಒಂದು ಫೋನ್ ಕರೆ ಮಾತ್ರ. ಅದನ್ನು ಬೆಂಗಳೂರಿನಲ್ಲಿರುವ ಮಗನೂ ಮಾಡಬಲ್ಲ. ಮಗನ ಜೊತೆಗೆ ಇಬ್ಬರು ನೆರೆಯವರ ಫೋನಿಗೂ ಎಚ್ಚರಿಕೆ ಹೋಗುವಂತಿರಬೇಕು. ಅಂಗಳದಲ್ಲಿ ಗಟ್ಟಿಯಾಗಿ ಕೂಗುವ ಸೈರನ್ ಇರಬೇಕು. ಮನೆಯಲ್ಲಿರುವ ಹಿರಿಯರು ಬಾಗಿಲು ತೆರೆದು ಹೊರಗೆ ಹೋಗಕೂಡದು. ಒಳಗಿನಿಂದಲೇ ದೀಪ ಹಾಕಿ, ಸೈರನ್ ಒತ್ತಿ, 112ಕ್ಕೆ ಕರೆ ಮಾಡತಕ್ಕದ್ದು. ಅಡಿಕೆ ಮುಂದಿನ ವರ್ಷವೂ ಬರುತ್ತದೆ.

ದಾಖಲೆ, ವಿದ್ಯುತ್ತು, ಸಿಡಿಲು

ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ದಾಖಲಿಸುವ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21 ಗಿಗಾಬೈಟ್ ತುಂಬಿಸುತ್ತದೆ. 128 ಗಿಗಾಬೈಟಿನ ಕಾರ್ಡು ಆರು ದಿನಕ್ಕೆ ತುಂಬಿ, ಹಳೆಯದನ್ನು ಅಳಿಸತೊಡಗುತ್ತದೆ. ಅಂತಹ ನಾಲ್ಕು ಕ್ಯಾಮೆರಾಗಳಿಗೆ 1 ಟೆರಾಬೈಟ್ ಡಿಸ್ಕ್ ಹನ್ನೊಂದು ದಿನ ಬರುತ್ತದೆ. ಎಚ್.265 ಎಂಬ ಪದ್ಧತಿಯದಾದರೆ ಹಿಂದಿನ ಎಚ್.264ಕ್ಕಿಂತ ಸರಿಸುಮಾರು ಅರ್ಧ ಜಾಗ ಸಾಕು. ಸಿಮ್ ಹಾಕುವ 4ಜಿ ಕ್ಯಾಮೆರಾವನ್ನು ಇದೇ ವೇಗದಲ್ಲಿ ಸತತವಾಗಿ ನೋಡುತ್ತಿದ್ದರೆ ಗಂಟೆಗೆ 0.9 ಗಿಗಾಬೈಟ್ ಖರ್ಚು. ದಿನಕ್ಕೆ ಒಂದೂವರೆ ಗಿಗಾಬೈಟಿನ ಯೋಜನೆ ಎರಡು ಗಂಟೆಯೊಳಗೆ ಮುಗಿದೀತು. ಸಿಗ್ನಲ್ಲೇ ಸಿಗದ ಕಡೆ ಸೈರನ್ನನ್ನು ನೆಚ್ಚಬೇಕು. ದಾಖಲೆಯ ಪೆಟ್ಟಿಗೆ ಮಾತ್ರ ಜಗಲಿಯ ಟಿ.ವಿ. ಪಕ್ಕದಲ್ಲಿರದೆ ಒಳಕೋಣೆಯಲ್ಲಿ ಬೀಗದೊಳಗಿರಲಿ, ಇಲ್ಲದಿದ್ದರೆ ಕಳ್ಳನ ಜೊತೆ ಅದೂ ಹೋಗುತ್ತದೆ.

ನಾಲ್ಕು ಕ್ಯಾಮೆರಾ, ದಾಖಲೆ ಪೆಟ್ಟಿಗೆ, ಇಂಟರ್‌ನೆಟ್ ಪೆಟ್ಟಿಗೆ ಸೇರಿ ಸುಮಾರು 40 ವ್ಯಾಟ್ ಬೇಕು. 150 ಆಂಪಿಯರ್-ಗಂಟೆಯ ಮನೆ ಇನ್ವರ್ಟರ್ ಬ್ಯಾಟರಿ ಒಳ್ಳೆಯ ಸ್ಥಿತಿಯಲ್ಲಿದ್ದರೆ ರಾತ್ರಿಯೆಲ್ಲ ನಡೆಸುತ್ತದೆ. ಸೋಲಾರ್ ಕ್ಯಾಮೆರಾ ಬಿಸಿಲಿನ ಅಂಗಳಕ್ಕೆ ಸರಿ, ತೋಟದ ನೆರಳಿಗೆ ಸಲ್ಲದು. ಬ್ಯಾಟರಿ ಉಳಿಸಲು ಅದು ನಿದ್ರಿಸುತ್ತಿದ್ದು, ಯಾರಾದರೂ ಬಂದ ಮೇಲೆ ಎಚ್ಚರಗೊಳ್ಳುವುದರಿಂದ ಮೊದಲ ಕ್ಷಣಗಳು ತಪ್ಪಿಹೋಗಬಹುದು.

ಮುಂಗಾರಿಗೆ ಮುನ್ನ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಅಂಗಳದ ಕಂಬದಿಂದ ಮನೆಗೆ ಎಳೆದ ತಂತಿಯೇ ಸಿಡಿಲಿನ ಹೊಡೆತಕ್ಕೆ ದಾರಿಯಾಗುತ್ತದೆ. ಒಳ್ಳೆಯ ಭೂಸಂಪರ್ಕ, ತಂತಿಯ ಎರಡೂ ತುದಿಗೆ ರಕ್ಷಕ ಬೇಕು. ಗುಡುಗುವ ಮೊದಲೇ ಪ್ಲಗ್ ಕಿತ್ತಿಡುವುದು ಇನ್ನೂ ಮೇಲು. ನೆಟ್‌ವರ್ಕ್ ಕೇಬಲ್ಲನ್ನು 100 ಮೀಟರಿಗಿಂತ ಉದ್ದ ಎಳೆಯಕೂಡದು.

ಪಾಸ್‌ವರ್ಡ್ ಮತ್ತು ಕಾನೂನು

ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಅದೇ ದಿನ ಬದಲಾಯಿಸಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ ಮೊದಲಾದ ಉಪಕರಣಗಳನ್ನು ವಶಪಡಿಸಿಕೊಂಡದ್ದು ಅಂತಹ ಬದಲಾಯಿಸದ ಪಾಸ್‌ವರ್ಡುಗಳಿಂದಲೇ. 2025ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರುವ ಇಂಟರ್‌ನೆಟ್ ಕ್ಯಾಮೆರಾಗಳಿಗೆ ಸರ್ಕಾರ ಭದ್ರತಾ ಪರೀಕ್ಷೆಯನ್ನು ಕಡ್ಡಾಯ ಮಾಡಿದೆ. ಬಿ.ಐ.ಎಸ್. ನೋಂದಣಿ ಸಂಖ್ಯೆ ಕೇಳಿ, ರಸೀತಿ ಪಡೆದು ಕೊಳ್ಳಿರಿ.

ಕ್ಯಾಮೆರಾದ ಗಡಿಯಾರ ಸರಿಯಿರಲಿ. ಕಳವಾದರೆ ಆ ದಿನವೇ ದೃಶ್ಯವನ್ನು ಬೇರೆ ಕಡೆ ನಕಲು ಮಾಡಿಟ್ಟು, ಮೂಲ ಕಾರ್ಡನ್ನೂ ತೆಗೆದು ಜೋಪಾನವಾಗಿಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂತಹ ನಕಲಿನೊಡನೆ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕಾಗುತ್ತದೆ. ಪೊಲೀಸ್ ಠಾಣೆಯಲ್ಲಿ ಇದನ್ನು ಕೇಳಿ ತಿಳಿಯಿರಿ. ಬಚ್ಚಲು, ಪಕ್ಕದ ಮನೆಯ ಹಿತ್ತಿಲು, ಕೆಲಸದ ಹೆಂಗಸರು ವಿಶ್ರಮಿಸುವ ಜಾಗ ಇವಾವುವೂ ನೋಟದೊಳಗೆ ಬರದಂತೆ ಕ್ಯಾಮೆರಾ ತಿರುಗಿಸಬೇಕು. ನೆರೆಯವರು ಮುನಿಸಿಕೊಂಡರೆ ರಾತ್ರಿ ಎದ್ದು ಬರುವವರು ಯಾರು?

ದೀಪಾವಳಿಯ ಹೊತ್ತಿಗೆ, ಅಡಿಕೆ ಅಂಗಳಕ್ಕೆ ಬೀಳುವ ಮುನ್ನ, ಒಂದು ರಾತ್ರಿ ನೆರೆಯವರಿಗೆಲ್ಲ ಮೊದಲೇ ತಿಳಿಸಿ, ಅವರಲ್ಲೊಬ್ಬರನ್ನು ದಣಪೆಯಿಂದ ಅಂಗಳದವರೆಗೆ ನಡೆದು ಬರಲು ಹೇಳಿ. ಮುಖ ಕಂಡಿತೇ, ಫೋನು ಎಷ್ಟು ಹೊತ್ತಿಗೆ ಬಾರಿಸಿತು, ಉಳಿದವರು ಬಂದು ಸೇರಲು ಎಷ್ಟು ನಿಮಿಷ ಹಿಡಿಯಿತು ಎಂದು ಗುರುತು ಹಾಕಿಕೊಂಡು, ಬೇಕಾದ ಬದಲಾವಣೆಯನ್ನು ಆ ವಾರವೇ ಮಾಡಿಸಿಕೊಳ್ಳಿ.